ತಾಳಿ ಕಟ್ಟುವ ಹೊತ್ತಿಗೆ ಬಂದ ಉಲಿಯಕ್ಕಿ

ಹೊಸದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಎತ್ತಪ್ಪನಿಗೆ ಮದುವೆ ಫೋಟೋ ಹೊಟ್ಟೆಪಾಡು, ಉಲಿಯಕ್ಕಿ ಹುಚ್ಚು. ಗುಬ್ಬಿಗಿಂತ ಚಿಕ್ಕದಾದ ಈ ಹಸಿರು ಹಕ್ಕಿಗಳು ಚಳಿಗಾಲವನ್ನು ಇಲ್ಲಿ ಕಳೆದು, ಯುಗಾದಿ ದಾಟಿದ ಮೇಲೆ ಹಿಮಾಲಯದ ಕಡೆ ಹೊರಡುತ್ತವೆ. ಹೊರಡುವ ಮುಂಚೆ ಹೊಟ್ಟೆ ತುಂಬಿಸಿಕೊಳ್ಳುವ ಆತುರ. ಒಂದು ಕಡೆ ನಿಲ್ಲುವುದಿಲ್ಲ. ನೋಡಲು ಒಂದೇ ಥರದ ಹಲವು ಜಾತಿ; ಇಂಥದ್ದೇ ಎಂದು ಗುರುತಿಸಲು ರೆಕ್ಕೆಯ ಮೇಲಿನ ತೆಳು ಬಿಳಿ ಗೆರೆ ಕಾಣಬೇಕು. ಬಿಡುವಾದಾಗಲೆಲ್ಲ ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಗೆ ಹೋಗಿ ಎತ್ತಪ್ಪ ತೆಗೆದ ಫೋಟೋಗಳಲ್ಲಿ ಬರೀ ಕೊಂಬೆ ಕಾಣುತ್ತಿತ್ತು. “ಚಂದ್ರವಳ್ಳಿ ಮರಗಳ ಪಾಸ್‌ಪೋರ್ಟ್ ಫೋಟೋ ಬೇಕಾದ್ರೆ ನನ್ನತ್ರ ಬರ್ರಿ” ಎಂದು ಅವನೇ ನಗುತ್ತಿದ್ದ.

೧೯೯೮ರ ಏಪ್ರಿಲ್‌ನಲ್ಲಿ ಮತ್ತೋಡಿನ ರಂಜಿತಾಳ ಮದುವೆ. ಚಪ್ಪರಕ್ಕೆ ತಾಗಿದಂತೆ ಹೂಬಿಟ್ಟ ಹೊಂಗೆ ಮರ. ವರ ನಾಗರಾಜ್ ತಾಳಿ ಎತ್ತಿಕೊಂಡ, ಗಟ್ಟಿಮೇಳ ಶುರುವಾಯಿತು. ವಾಲಗಕ್ಕೆ ಬೆಚ್ಚಿತೋ ಏನೋ, ಕೈಗೆಟುಕುವ ಕೊಂಬೆಯಲ್ಲಿ ಒಂದು ಉಲಿಯಕ್ಕಿ ಅಲ್ಲಾಡದೆ ಕುಳಿತುಬಿಟ್ಟಿತು. ಎತ್ತಪ್ಪನ ಕ್ಯಾಮೆರಾ ತಾನಾಗಿಯೇ ಅತ್ತ ತಿರುಗಿತು. ಜನರೆಲ್ಲ ಅಕ್ಷತೆ ಎರಚುತ್ತಿದ್ದರೆ ಅವನು ಮದುಮಕ್ಕಳಿಗೆ ಬೆನ್ನು ಹಾಕಿ ರೀಲು ಮುಗಿಸಿದ.

“ಏನಪ್ಪ ಎತ್ತಪ್ಪ, ಮದ್ವೆ ಇತ್ಲಾಗೆ ಐತೆ!” ಹುಡುಗಿಯ ಅಜ್ಜಿ ನಿಂಗಕ್ಕ ಕೂಗಿದಾಗ ತಿರುಗಿದ. ತಾಳಿ ಕಟ್ಟಿ ಆಗಿತ್ತು.

“ಅಜ್ಜಿ, ಹಕ್ಕಿ ಬಂದಿತ್ತು…” ಎಂದ. ಹೇಳಿದ ಮೇಲೆ, ಮೂರ್ಛೆ ಬಂದಿತ್ತು ಎಂದಿದ್ದರೂ ಮರ್ಯಾದೆ ಉಳಿಯುತ್ತಿತ್ತಲ್ಲ ಅನ್ನಿಸಿತು.

ಕಟ್ಟಿದ ತಾಳಿ ಬಿಚ್ಚುವಂತಿರಲಿಲ್ಲ. ಹೊಸ ರೀಲು ಹಾಕಿ, ನಾಗರಾಜನ ಕೈಗಳನ್ನು ಹೆಂಡತಿಯ ಕತ್ತಿನ ಹಿಂದೆ ಸುಮ್ಮನೆ ಇಡಿಸಿದ. “ಅಲ್ಲಾಡಬೇಡ್ರಿ” ಎಂದ. ನಿಂಗಕ್ಕ, “ಹಕ್ಕಿಗೂ ಹಿಂಗೇ ಹೇಳಿದ್ಯೇನಪ್ಪ?” ಅಂದಳು. ರಂಜಿತಾ ನಕ್ಕಳು ನೋಡಿ, ಬಾಸಿಂಗ ಜಾರುವಷ್ಟು. ವಾಡಿಕೆಯಂತೆ ನಾಚಿ ನೆಲ ನೋಡುವ ಮದುಮಗಳ ಒಂದು ಫೋಟೋವೂ ಸಿಗಲಿಲ್ಲ.

ರೀಲು ತೊಳೆಸಿದಾಗ ಹಕ್ಕಿ ಅಚ್ಚುಕಟ್ಟಾಗಿ ಬಂದಿತ್ತು. ರೆಕ್ಕೆಯ ಗೆರೆಗೆ ಮಾತ್ರ ಅಡ್ಡವಾಗಿ ಒಂದು ಹೊಂಗೆ ಎಲೆ.

ಆಲ್ಬಮ್ ಕೊಡಲು ಬೈಗುಳಕ್ಕೆ ಸಿದ್ಧನಾಗಿಯೇ ಹೋದ. ನಾಗರಾಜನ ಮನೆಯವರಿಗೆ ಆ ನಗುವೇ ಹಿಡಿಸಿಬಿಟ್ಟಿತು. ಮುಂದಿನ ಬೇಸಿಗೆಯಿಂದ ಹೊಳಲ್ಕೆರೆ, ಹಿರಿಯೂರಿನಿಂದೆಲ್ಲ ಜನ ಬಂದು, “ನಮ್ಮ ಹುಡುಗೀನೂ ಹಂಗೇ ನಗಂಗೆ ತೆಗೀರಿ” ಎನ್ನತೊಡಗಿದರು. ಹಕ್ಕಿ ಹೊರಡುವ ದಿನಗಳಲ್ಲೇ ಲಗ್ನದ ಗಿರಾಕಿ. ಚಂದ್ರವಳ್ಳಿಗೆ ಹೋಗಲು ಬಿಡುವೇ ಇಲ್ಲ.

೨೦೦೬ರಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡು, ಒಂದು ಮುಂಜಾನೆ ಬಿಡುವು ಮಾಡಿಕೊಂಡು ಉಲಿಯಕ್ಕಿಯ ರೆಕ್ಕೆ ಪೂರ್ತಿ ಕಾಣುವ ಚಿತ್ರ ಹಿಡಿದೇಬಿಟ್ಟ. ದೊಡ್ಡದು ಮಾಡಿ ನೋಡಿದರೆ, ಗರಿ ಸವೆದು ಬಿಳಿ ಗೆರೆಯೇ ಅಳಿಸಿಹೋಗಿತ್ತು. ಹೆಂಡತಿ ಜಯಕ್ಕ ಬಗ್ಗಿ ನೋಡಿ, “ಈಗೇನಂತೆ ಇದರ ಹೆಸರು?” ಎಂದಳು.

“ಹಸರು ಹಕ್ಕಿ” ಎಂದ ಎತ್ತಪ್ಪ, ತಾನೇ ಮೊದಲು ನಗುತ್ತ.