ದವಾಖಾನೆಯ ದುಭಾಷಿ

ನಮ್ಮ ರಬಕವಿಯ ಸಣ್ಣ ದವಾಖಾನೆಗೆ ಮುಂಬಯಿ ಸರ್ಕಾರ ಕಳಿಸಿದ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಅವರ ಮರಾಠಿಯನ್ನು ರೋಗಿಗಳಿಗೆ ತಿಳಿಸುತ್ತಿದ್ದವಳು ಅಲ್ಲಿಯ ಆಯಾ. ಸೆರಗಿಗೆ ಕೈ ಒರೆಸಿಕೊಂಡು, "ಸಾಹೇಬ್ರು ಅಂತಾರ" ಎಂದೇ ಶುರುಮಾಡುವಳು. ಡಾಕ್ಟರು ಗದರಿದರೂ ಅವಳ ಬಾಯಲ್ಲಿ ಅದು ಮೆತ್ತಗಾಗಿ ಬರುತ್ತಿತ್ತು.

ಕೆಮ್ಮಿದಾಗ ರಕ್ತ ಬೀಳತೊಡಗಿದ ಮೇಲೆ ಅವ್ವ ಅಪ್ಪನನ್ನು ಅಲ್ಲಿ ಸೇರಿಸಿದ್ದಳು. ತಿಂಗಳ ಬಳಿಕ ಡಾಕ್ಟರು ತಲೆ ತಗ್ಗಿಸಿ ಬಹಳ ಹೊತ್ತು ಏನೋ ಹೇಳಿದರು. ಆಯಾ ತಿಳಿಸಿದ್ದು ಇಷ್ಟೇ: "ಸಾಹೇಬ್ರು ಅಂತಾರ, ಮನಿಗೆ ಕರ್ಕೊಂಡು ಹೋಗ್ರಿ. ಬೇಡಿದ್ದು ತಿನ್ನಸ್ರಿ."

ಗಂಡ ಗುಣವಾದನೆಂದು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಿಂತಿದ್ದ ನೇಯ್ಗೆ ಮುಗಿಸಲು ಮಗ್ಗಕ್ಕೆ ಕುಳಿತಳು. ನಾಲ್ಕನೆಯ ದಿನ ಅಪ್ಪ ಒಳಕೋಣೆಯಲ್ಲಿ ಒಬ್ಬನೇ ಸತ್ತ. ಕರೆದಿದ್ದರೂ ಮಗ್ಗದ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ದವಾಖಾನೆಗೆ ಹೋದಳು. "ಯಕ್ಕಾ, ಉಳಿಯೂದಿಲ್ಲಂತ ಸಾಹೇಬ್ರು ಅವತ್ತ ಹೇಳಿದ್ರೇನು?"

ಆಯಾ ಕಣ್ಣೆತ್ತಲಿಲ್ಲ. "ಹೇಳಿದ್ರು. ನಿನ್ನ ಮಾರಿ ನೋಡಿ ನನಗ ಬಾಯಿ ಬರಲಿಲ್ಲ, ತಂಗಿ."

"ನಿನಗ ಒಂದು ಗಳಿಗಿ ತ್ರಾಸ ತಪ್ಪಿತು," ಎಂದಳು ಅವ್ವ. "ನನಗ ನಮ್ಮ ಮನಿಯವರ ಕಡೀ ಮಾತು ತಪ್ಪಿತು."