ಹತ್ತು ಪರ್ಸೆಂಟಿನ ಮಗಳು

ಅಮೆರಿಕದ ಎಲಿಕಾಟ್ ಸಿಟಿಯ ಆ ಟೌನ್‌ಹೌಸಿಗೆ ನೀಲಗಂಗಾ ಬಂದಾಗ ಅವಳಿಗೆ ಇಪ್ಪತ್ನಾಲ್ಕು. ಈಗ ಐವತ್ತು ದಾಟಿದೆ. ಮನೆ ಅವಳ ದೊಡ್ಡವ್ವ ಶಾಂತಾಬಾಯಿಯದು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಎಪ್ಪತ್ತರ ದಶಕದ ಮೊದಲಿಗೇ ಬಾಲ್ಟಿಮೋರಿನ ಆಸ್ಪತ್ರೆ ಸೇರಿದ ಹೆಂಗಸು. ಮದುವೆ ಆಗಲಿಲ್ಲ. ತಂಗಿಗೆ ಮೂರನೆಯ ಹೆಣ್ಣಾಗಿ ನೀಲಗಂಗಾ ಹುಟ್ಟಿದಾಗ ರಜೆ ಹಾಕಿ ಊರಿಗೆ ಹೋಗಿದ್ದರು. ತೊಟ್ಟಿಲಿಗೆ ಹಾಕುವ ದಿನ ತಂಗಿ ಕೂಸನ್ನು ಅಕ್ಕನ ಉಡಿಯಲ್ಲಿಟ್ಟು, "ಇಕಿ ಇನ್ನ ನಿನ್ನಾಕಿ" ಅಂದಳು. ಬಂಧುಬಳಗವೆಲ್ಲ ಹೌದೆಂದಿತು. ಓದಿಸಿದ್ದು, ಅಮೆರಿಕಕ್ಕೆ ಕರೆಸಿಕೊಂಡದ್ದು, ಲ್ಯಾಬಿನಲ್ಲಿ ಕೆಲಸ ಸಿಗುವ ತನಕ ಅನ್ನ ಹಾಕಿದ್ದು, ಎಲ್ಲ ದೊಡ್ಡವ್ವನೇ.

೨೦೨೪ರ ನವೆಂಬರಿನಲ್ಲಿ ದೊಡ್ಡವ್ವ ತೀರಿಕೊಂಡರು. ಮನೆ ನೀಲಗಂಗಾಳಿಗೆ ಎಂದು ವಿಲ್ ಬರೆದಿದ್ದರು. ಆದರೆ ಆ ಊರಿರುವ ಮೇರಿಲ್ಯಾಂಡ್ ರಾಜ್ಯದಲ್ಲಿ ಹೀಗೆ ಬಂದ ಆಸ್ತಿಗೆ ಮಗಳು ತೆರಿಗೆ ಕೊಡಬೇಕಾಗಿಲ್ಲ; ತಂಗಿಯ ಮಗಳು ಹತ್ತು ಪರ್ಸೆಂಟ್ ಕೊಡಬೇಕು. ವಿಲ್ ದಾಖಲಿಸುವ ಫೀಸು ಬೇರೆ. ಅಷ್ಟು ಹಣ ಹೊಂದಿಸಲಾಗದಿದ್ದರೆ ಮನೆಯನ್ನೇ ಮಾರಬೇಕು.

ಜನವರಿಯಲ್ಲಿ, ಅವಳ ಟ್ಯಾಕ್ಸ್ ಫೈಲ್ ಮಾಡಿಕೊಡುವ ಮೈಸೂರಿನ ರವಿಶಂಕರ್ ಅಂಕಲ್ ಫೋನ್ ಮಾಡಿದರು. "ಗುಡ್ ನ್ಯೂಸ್ ಕಣಮ್ಮ! ಈ ಟ್ಯಾಕ್ಸನ್ನೇ ತೆಗೆದುಹಾಕ್ತೀವಿ ಅಂತ ಗವರ್ನರ್ ಬಜೆಟ್‌ನಲ್ಲಿ ಪ್ರಪೋಸ್ ಮಾಡಿದಾರೆ."

"ಈಗಾಗಲೇ ಹೋದವರ ಆಸ್ತಿಗೂ ಅಪ್ಲೈ ಆಗುತ್ತಾ ಅಂಕಲ್?"

"ಅದೇ ಡೌಟು."

ಡೌಟೆಂದು ಗೊತ್ತಿದ್ದೂ ಕಾದಳು. ಲಂಚ್ ಬ್ರೇಕಿನಲ್ಲಿ ಮೊಸರನ್ನ ತಿನ್ನುತ್ತ ರಾಜ್ಯದ ಸುದ್ದಿ ಓದುವ ಹೊಸ ಅಭ್ಯಾಸ ಹತ್ತಿತು. ಏಪ್ರಿಲಿನಲ್ಲಿ ಶಾಸನಸಭೆಯ ಅಧಿವೇಶನ ಮುಗಿಯಿತು, ತೆರಿಗೆ ಇದ್ದಲ್ಲೇ ಇತ್ತು.

"ತೆಗೀತೀವಿ ಅಂತ ಹೇಳಿದ್ದಾದರೂ ಯಾಕೆ? ಅವರು ಸುಮ್ಮನಿದ್ದಿದ್ರೆ ನಾನೂ ಸುಮ್ಮನೆ ಕಟ್ಟಿರ್ತಿದ್ದೆ" ಎಂದು ಅಂಕಲ್ ಮೇಲೆ ರೇಗಿದಳು.

"ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದ ಹಾಗಾಯ್ತು, ಬಿಡು. ಆದ್ರೂ ಅಡಾಪ್ಷನ್ ಒಂದು ಮಾಡಿಸಿಕೊಂಡಿದ್ರೆ ಈ ತಾಪತ್ರಯವೇ ಇರ್ತಿರಲಿಲ್ಲ. ಇಲ್ಲಿ ದೊಡ್ಡವರನ್ನೂ ದತ್ತು ತಗೋಬಹುದು ಅಂತ ಶಾಂತಾಬಾಯಿಗೆ ನಾನೇ ಹೇಳಿದ್ದೆ."

ಕೆಲವು ವರ್ಷಗಳ ಹಿಂದೆ ದೊಡ್ಡವ್ವ ಅದಕ್ಕೆಂದೇ ಲಾಯರನ್ನು ಕಂಡು ಬಂದಿದ್ದರು. ಒಲ್ಲೆ ಎಂದವಳು ನೀಲಗಂಗಾಳೇ. ಹೆತ್ತವಳು ಧಾರವಾಡದಲ್ಲಿ ಮಗನ ಮನೆಯಲ್ಲಿ ಗಟ್ಟಿಮುಟ್ಟಾಗಿರುವಾಗ, ಕೋರ್ಟಿಗೆ ಹೋಗಿ ಬೇರೆ ತಾಯಿಯ ಹೆಸರು ಬರೆಸುವುದೆ? ದೊಡ್ಡವ್ವ "ಬ್ಯಾಡಾದ್ರ ಬ್ಯಾಡ" ಅಂದು ಚಹಾಕ್ಕೆ ಇಟ್ಟಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ.

ಆ ಭಾನುವಾರ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಮೊದಲ ಬಾರಿಗೆ ಹೇಳಿದಳು. ಅವ್ವ ನಗತೊಡಗಿದಳು.

"ಅಯ್ಯ ಹುಚ್ಚಿ! ಉಡ್ಯಾಗ ಹಾಕಿದ ದಿನಾನ ನಾ ನಿನ್ನ ಕೊಟ್ಟೀನಿ. ನನ್ನ ಒಂದ ಮಾತು ಕೇಳಬಾರದಿತ್ತೇನ?"

"ನಿನಗ ಕೆಟ್ಟ ಅನಸ್ತದಂತ..."

"ಅನಸ್ತಿತ್ತು. ಎರಡ ದಿನ ಅತ್ತು ಸುಮ್ಮನಾಗತಿದ್ದೆ. ಅಕ್ಕಗ ಒಲ್ಲೆ ಅಂದ್ಯಲ್ಲ, ಆಕಿಗೆ ಹ್ಯಾಂಗ ಅನಿಸಿರಬೇಕು?" ಅವ್ವನ ದನಿ ಒಮ್ಮೆ ಇಳಿದು ಮತ್ತೆ ಏರಿತು. "ಇರಲಿ, ಕಟ್ಟು. ಇಬ್ಬರು ಅವ್ವಂದಿರನ್ನ ಇಟಗೊಂಡಾಕಿಗೆ ಖರ್ಚು ಬರೂದ."

ನೀಲಗಂಗಾ ನಕ್ಕಳು. ಫೋನಿಟ್ಟ ಮೇಲೆ ಅತ್ತಳು.

ಮನೆಯ ಮೇಲೆ ಸಾಲ ತೆಗೆದು ತೆರಿಗೆ ಕಟ್ಟಿದಳು. ಕಚೇರಿಯವರು ಸಂಬಂಧ ಕೇಳಿದಾಗ ತಂಗಿಯ ಮಗಳೆಂದೇ ಹೇಳಿದಳು. ಕಂತಿಗೆ ಆಗಲೆಂದು ದೊಡ್ಡವ್ವನ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಬಂದವಳು ಬೆಂಗಳೂರಿನ ಹಮ್ನಾ, ನರ್ಸಿಂಗ್ ಓದುವ ಹುಡುಗಿ. ಸೂಟ್‌ಕೇಸ್ ಇಳಿಸಿ, ಕಿಟಕಿಯ ಪಕ್ಕದ ಹಳೆಯ ಆರಾಮಕುರ್ಚಿಯನ್ನು ನೋಡಿ ಅವಳು ಕೇಳಿದಳು: "ಇದು ನಿಮ್ಮ ತಾಯಿ ರೂಮಾ, ಆಂಟಿ?"

"ಹೌದಮ್ಮ" ಎಂದಳು ನೀಲಗಂಗಾ. "ಕುರ್ಚಿ ಅಲ್ಲೇ ಇರಲಿ."