ಟೇಪಿನ ಕೆಳಗಿನ ಖಾಲಿ ತೂತು

ಮೇಸ್ತ್ರಿಗೆ ಕನ್ನಡಕವಿರಲಿಲ್ಲ. ಬೇಕಾಗಿ ಎರಡು ವರ್ಷವಾಗಿತ್ತು, ಮಾಡಿಸಿಕೊಂಡಿರಲಿಲ್ಲ.

ಈಗ ಮೂಗಿನ ಮೇಲೆ ಕನ್ನಡಕವಿದೆ. ಬೆಳಿಗ್ಗೆ ಏಳೂವರೆ ಗಂಟೆ. ದೋಣಿ ರಿಪೇರಿಯ ಅಂಗಳದಲ್ಲಿ, ಹೊಸ ಕಂಬ ನಿಲ್ಲಿಸಿದ ಹಾಯಿದೋಣಿಯ ಮೇಲೆ ಅವರು ಮಂಡಿಯೂರಿ ಕೂತಿದ್ದಾರೆ. ಕಂಬವನ್ನು ಹಿಡಿದು ನಿಲ್ಲಿಸುವುದು ಎಂಟು ಉಕ್ಕಿನ ತಂತಿಗಳು. ಪ್ರತಿ ತಂತಿಯ ಬುಡಕ್ಕೆ ಬೆರಳು ಗಾತ್ರದ ಒಂದು ಕೀಲು. ಅದು ಜಾರದಂತೆ ತುದಿಯ ತೂತಿನಲ್ಲಿ ಬೆಂಕಿಕಡ್ಡಿಯಷ್ಟು ಪಿನ್ನು. ಪಿನ್ನಿನ ಮೊನೆ ಹಾಯಿಯನ್ನು ಹರಿಯದಿರಲೆಂದು ಕೊನೆಗೆ ಟೇಪು.

ಟೇಪು ಸುತ್ತುವ ಮೊದಲು ಹೆಂಡತಿ ಒಂದೊಂದೇ ಪಿನ್ನು ಮುಟ್ಟುತ್ತಾರೆ.

"ಐದು?"

"ಇದೆ."

"ಮುಟ್ಟಿ ಹೇಳೇ, ನೋಡಿ ಹೇಳಬೇಡ."

"ಮೂವತ್ತು ವರ್ಷ ನಿಮ್ಮ ಜೊತೆ ಬಾಳಿದೀನಿ, ಚುಚ್ಚಿದ್ದು ಗೊತ್ತಾಗಲ್ವೇನ್ರೀ?"

ಮೇಸ್ತ್ರಿಯದು ಇಪ್ಪತ್ತಾರು ವರ್ಷದ ಕೆಲಸ. ವರ್ಷಕ್ಕೆ ಸುಮಾರು ನಲವತ್ತು ದೋಣಿ. ಪಂದ್ಯ ಗೆದ್ದವರ ಫೋಟೋಗಳು ಕಚೇರಿಯ ಗೋಡೆ ತುಂಬಾ ಇವೆ, ಇವರದಿಲ್ಲ. ಕಣ್ಣು ಮಂಜಾದಾಗ ಕನ್ನಡಕ ಮಾಡಿಸಿಕೊಳ್ಳಿ ಎಂದು ಹೆಂಡತಿ ಹೇಳಿದ್ದರು. ಮೇಸ್ತ್ರಿ ಈಗ ಹೇಳುತ್ತಾರೆ: "ನನ್ನ ಬೆರಳಿಗೇ ಕಣ್ಣಿದೆ ಅಂದೆ. ಕನ್ನಡಕ ಕಂಡ್ರೆ ಮುದುಕ ಅಂತಾರಲ್ಲ. ಕೊಬ್ಬು, ಇನ್ನೇನು?"

ನಾಲ್ಕು ತಿಂಗಳ ಹಿಂದೆ, ಇದೇ ದೋಣಿಯಲ್ಲಿ, ಮೇಸ್ತ್ರಿ ಒಂದು ಕೀಲಿಗೆ ಪಿನ್ನು ಹಾಕದೆ ಖಾಲಿ ತೂತಿನ ಮೇಲೇ ಟೇಪು ಸುತ್ತಿದರು. ಮಧ್ಯಾಹ್ನ ಗಾಳಿ ಏರಿತು, ಕೀಲು ಜಾರಿ ನೀರುಪಾಲಾಯಿತು, ಕಂಬ ಮುರಿದು ಬಿತ್ತು. ದೋಣಿ ನಡೆಸುತ್ತಿದ್ದದ್ದು ಹೆಂಡತಿಯ ತಮ್ಮ. ಬಲಗೈ ಕಂಬದಡಿ ಸಿಕ್ಕಿಕೊಂಡಿತು. ಅಂಥ ಗಾಳಿಯಲ್ಲಿ ಹಾಯಿ ಇಳಿಸಲಿಲ್ಲವೆಂದು ದೋಣಿಯ, ಅಂಗಳದ ಮಾಲೀಕರು ಅವನನ್ನೇ ಕೆಲಸದಿಂದ ತೆಗೆದರು.

ಆ ರಾತ್ರಿ ಮೇಸ್ತ್ರಿಯ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಪಿನ್ನು ಸಿಕ್ಕಿತು. ಹೆಂಡತಿ ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟರು.

"ಏನೂ ಕೇಳಲಿಲ್ಲ ಅವಳು. ನಾನು ಉಂಡು ಕೈ ತೊಳೆದೆ. ಅನ್ನ ಗಂಟಲಲ್ಲಿ ಇಳೀತಲ್ಲ, ಅದೇ ನಾಚಿಕೆ."

ಮಾಲೀಕರಿಗೆ ಇನ್ನೂ ಹೇಳಿಲ್ಲ. ಎಂಟು ಗಂಟೆಗೆ ಅವರು ದೋಣಿ ನೋಡಲು ಬರುತ್ತಾರೆ. ಅಕ್ಕನಿಂದ ಎಲ್ಲ ತಿಳಿದಿರುವ ತಮ್ಮ ಆಗಲೇ ಬಂದು ಹಲಗೆಯ ಮೇಲೆ ಕೂತಿದ್ದಾನೆ. ಚಹಾದ ಲೋಟ ಎಡಗೈಯಲ್ಲಿ.

"ಭಾವ, ಕನ್ನಡಕದಲ್ಲಿ ಥೇಟ್ ಮೇಷ್ಟ್ರು. ಇವತ್ತಾದ್ರೂ ಪಾಠ ಒಪ್ಪಿಸ್ತೀರೋ, ಇಲ್ವೋ?"

ಮೇಸ್ತ್ರಿ ಮುಂದಿನ ಕೀಲಿಗೆ ಟೇಪು ಸುತ್ತುತ್ತಾರೆ. ಮಾಲೀಕರ ಕಾರು ನಿಂತಾಗ ಏಳನೆಯ ಕೀಲಿನ ಟೇಪು ಮುಗಿದಿದೆ. ಮೇಸ್ತ್ರಿ ದೋಣಿಯಿಂದ ಇಳಿದು ಹೋಗಿ ಅಂಗೈ ಬಿಚ್ಚುತ್ತಾರೆ. ಅದೇ ಪಿನ್ನು.

"ಸಾರ್, ಅವತ್ತು ತಪ್ಪು ಇವನದಲ್ಲ. ಇದು ನನ್ನ ಜೇಬಲ್ಲಿತ್ತು."

ಮಾಲೀಕರು ಪಿನ್ನು ನೋಡುತ್ತಾರೆ. "ನಾಲ್ಕು ತಿಂಗಳಾಯ್ತಲ್ರೀ."

"ಹೌದು ಸಾರ್."

"ನಾಳೆಯಿಂದ ಬರಬೇಡಿ." ತಮ್ಮನ ಕಡೆ ತಿರುಗುತ್ತಾರೆ. "ನೀನು ಬಾರಪ್ಪ."

ಅವನು ಬಲಗೈ ಎತ್ತಿ ತೋರಿಸುತ್ತಾನೆ. "ಹಗ್ಗ ಯಾವುದರಲ್ಲಿ ಹಿಡೀಲಿ ಸಾರ್?"

ಮೇಸ್ತ್ರಿ ಕೇಳುವುದು ಒಂದೇ: "ಎಂಟನೇದು ಮುಗಿಸಿ ಹೋಗ್ಲಾ?"

ಮಾಲೀಕರು ಹೂಂ ಅನ್ನುತ್ತಾರೆ. ಹೆಂಡತಿ ಮುಟ್ಟಿ "ಇದೆ" ಅನ್ನುತ್ತಾರೆ. ಟೇಪು ಸುತ್ತಿಕೊಳ್ಳುತ್ತದೆ.

ಹೋದದ್ದು ಇಷ್ಟು: ಒಂದು ಕಂಬ, ಒಂದು ಹಾಯಿ, ಇಬ್ಬರ ಕೆಲಸ, ಬಲಗೈಯ ಮೂರು ಬೆರಳು.